ಬೆಂಗಳೂರಿನಾಚೆ ಸೇವಾ ರಫ್ತು: ವಿದೇಶಿ ಬಂಡವಾಳ ಮೊದಲೋ, ಫೈಬರ್ ಮೊದಲೋ?

ಕಡಲತಡಿ:
2024-25ರಲ್ಲಿ ಭಾರತದ ಸೇವಾ ರಫ್ತು ಸುಮಾರು 387 ಬಿಲಿಯನ್ ಡಾಲರ್, ಸರಕು ರಫ್ತು ಸುಮಾರು 437 ಬಿಲಿಯನ್. ಸೇವೆ ಸರಕನ್ನು ಹಿಡಿಯುವ ಹಂತಕ್ಕೆ ಬಂದಿದೆ. ಆದರೆ ಕರ್ನಾಟಕದ ಪಾಲಿನ ಬಹುಭಾಗ ಹುಟ್ಟುವುದು ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಇಷ್ಟರಲ್ಲೇ. 2024ರ ನವೆಂಬರ್‌ನಲ್ಲಿ ಬಂದ ರಾಜ್ಯದ ಜಿಸಿಸಿ (ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಸೇವಾ ಕೇಂದ್ರ) ನೀತಿ 2029ರೊಳಗೆ ಇನ್ನೂ 500 ಕೇಂದ್ರ ತರುವ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಮಂಗಳೂರು, ಹುಬ್ಬಳ್ಳಿ, ಮೈಸೂರಿಗೆ ಒಂದಷ್ಟು ಬರಬೇಕಾದರೆ ಮೊದಲು ಏನು ಆಗಬೇಕು? ವಿದೇಶಿ ಕಂಪನಿ ಬಂದರೆ ಮೂಲಸೌಕರ್ಯ ತಾನಾಗಿ ಬರುತ್ತದೆ ಅನ್ನುವವರಿದ್ದಾರೆ. ಕರಾವಳಿಗೆ ಸಮುದ್ರದಾಳದ ಕೇಬಲ್ ಬಂದರೆ ಸಾಕು ಅನ್ನುವವರೂ ಇದ್ದಾರೆ. ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಹಳೇಟೆಲಿಕಾಂ:
ಬೆಂಗಳೂರಿನಲ್ಲಿ ಯಾವುದು ಮೊದಲು ಬಂತು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಇಲ್ಲಿ ಸಂಪರ್ಕವೇ ಇರಲಿಲ್ಲ. ಕಂಪನಿ ತನ್ನ ಉಪಗ್ರಹ ಸಂಪರ್ಕವನ್ನು ತಾನೇ ಕಟ್ಟಿಕೊಂಡಿತು, ಅದರ ಉಪಕರಣ ಎತ್ತಿನ ಗಾಡಿಯಲ್ಲಿ ಬಂದದ್ದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಅಂಥ ಖರ್ಚು ದೊಡ್ಡ ಕಂಪನಿಗೆ ಮಾತ್ರ ತಡೆಯುತ್ತದೆ. ಸಣ್ಣವರಿಗೆ ಬಾಗಿಲು ತೆರೆದದ್ದು 1991ರಲ್ಲಿ ಶುರುವಾದ ಎಸ್‌ಟಿಪಿಐ, ಅಂದರೆ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ. ಉಪಗ್ರಹ ಭೂಕೇಂದ್ರವನ್ನು ಎಲ್ಲರೂ ಹಂಚಿಕೊಳ್ಳುವಂತೆ ಮಾಡಿ, 64 ಕೆಬಿಪಿಎಸ್ ಲೆಕ್ಕದಲ್ಲಿ ಲೀಸ್ಡ್ ಲೈನ್ (ಒಬ್ಬ ಗಿರಾಕಿಗೇ ಮೀಸಲಾದ ಬಾಡಿಗೆ ಲೈನ್) ಮಾರಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಭೂಕೇಂದ್ರದಿಂದ ಕಂಪನಿಯ ಕಟ್ಟಡದವರೆಗಿನ ಕೊನೆಯ ಕೆಲವು ಕಿಲೋಮೀಟರ್‌ಗೆ ಬೆಂಗಳೂರು ಎಸ್‌ಟಿಪಿಐ ದೂರವಾಣಿ ಇಲಾಖೆಯ ತಾಮ್ರದ ತಂತಿಯನ್ನು ನಂಬಿ ಕೂರಲಿಲ್ಲ, ಮೈಕ್ರೋವೇವ್ ರೇಡಿಯೋ ಹಾಕಿತು. ಆಕಾಶದಿಂದ ಬಂದ ಸಂಪರ್ಕ ನಗರದೊಳಗಿನ ತಂತಿಯಲ್ಲಿ ಸಾಯದಂತೆ ನೋಡಿಕೊಂಡದ್ದೇ ಅವರ ದೊಡ್ಡ ಕೆಲಸ.

ಎರಡನೇ ತಿರುವು ಸ್ಪರ್ಧೆ. 2002ರ ಏಪ್ರಿಲ್ 1ಕ್ಕೆ ಅಂತರರಾಷ್ಟ್ರೀಯ ಕರೆಯ ಮೇಲಿನ ವಿಎಸ್‌ಎನ್‌ಎಲ್ ಕಂಪನಿಯ ಏಕಸ್ವಾಮ್ಯ ಮುಗಿಯಿತು. ಅದೇ ವರ್ಷ ಚೆನ್ನೈ-ಸಿಂಗಪುರ ನಡುವೆ ಭಾರ್ತಿ ಮತ್ತು ಸಿಂಗ್‌ಟೆಲ್ ಸೇರಿ ಹಾಕಿದ ಐ2ಐ ಕೇಬಲ್ ಚಾಲೂ ಆಯಿತು. ಅಲ್ಲಿ ವಿದೇಶಿ ಬಂಡವಾಳ ಬಂದದ್ದು ಸಾಫ್ಟ್‌ವೇರಿಗಲ್ಲ, ಕೇಬಲ್ಲಿಗೆ. ಉಪಗ್ರಹದಲ್ಲಿ ಮಾತು ಒಂದು ಕಡೆಯಿಂದ ಇನ್ನೊಂದಕ್ಕೆ ಮುಟ್ಟಲು ಸುಮಾರು 250 ಮಿಲಿಸೆಕೆಂಡ್ ಬೇಕು. ಸಂಭಾಷಣೆಗೆ ಒಪ್ಪುವ ಮಿತಿ 150. ಕಾಲ್ ಸೆಂಟರ್ ವ್ಯವಹಾರ ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಸಮುದ್ರದ ಫೈಬರ್ ಬೇಕೇ ಬೇಕಿತ್ತು.

ಅಂಕಿಅಂಶ:
ಹಳೇಟೆಲಿಕಾಂ ಅವರ ಮಾತು ಸರಿ, ಆದರೆ ಕೇಬಲ್ ಬಂದಲ್ಲೆಲ್ಲ ರಫ್ತು ಬಂದಿಲ್ಲ. ಕೀನ್ಯಾ ನೋಡಿ. 2009ರವರೆಗೆ ಪೂರ್ತಿ ಉಪಗ್ರಹದ ಮೇಲೆ ನಿಂತಿದ್ದ ದೇಶ. ಆ ವರ್ಷ ಸೀಕಾಮ್ ಮತ್ತು ಟೀಮ್ಸ್ ಕೇಬಲ್ ಮೊಂಬಾಸಾದಲ್ಲಿ ಇಳಿದವು, ಮರುವರ್ಷ ಈಸ್ಸಿ ಬಂತು. ಬ್ಯಾಂಡ್‌ವಿಡ್ತ್ ಬೆಲೆ ಕುಸಿಯಿತು. ದೇಶದ ವಿಷನ್ 2030 ಯೋಜನೆಯ ಆರು ಆದ್ಯತೆಯ ಕ್ಷೇತ್ರಗಳಲ್ಲಿ ಬಿಪಿಒ (ಬೇರೆ ಕಂಪನಿಗಳ ಕಚೇರಿ ಕೆಲಸ, ಕರೆಗಳನ್ನು ಗುತ್ತಿಗೆಗೆ ಮಾಡಿಕೊಡುವುದು) ಕೂಡ ಒಂದಾಗಿತ್ತು. ಆದರೂ ಫಿಲಿಪೀನ್ಸ್ ಥರದ ಉದ್ಯಮ ಅಲ್ಲಿ ಬೆಳೆಯಲಿಲ್ಲ. ಆ ಹೊತ್ತಿಗೆ ದೊಡ್ಡ ಗ್ರಾಹಕರ ಗುತ್ತಿಗೆಗಳು ಮನಿಲಾ, ಬೆಂಗಳೂರಿನಲ್ಲಿ ಬೇರೂರಿದ್ದವು. ಗ್ರಾಹಕರನ್ನು ಜೊತೆಯಲ್ಲೇ ಕರೆತರುವಂಥ ದೊಡ್ಡ ವಿದೇಶಿ ಕಂಪನಿ ಅಲ್ಲಿ ಬಂದು ನೆಲೆಸಿರಲಿಲ್ಲ. ದೇಶದೊಳಗೆ ಅಗ್ಗದ ಇಂಟರ್‌ನೆಟ್ ಹರಡಿತು, ಮೊಬೈಲ್ ಹಣ ಬೆಳೆಯಿತು, ರಫ್ತು ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಫಿಲಿಪೀನ್ಸ್‌ನಲ್ಲಿ ಎರಡೂ ಒಟ್ಟಿಗೆ ಕೂಡಿಬಂದವು. 1995ರಲ್ಲಿ ಟೆಲಿಕಾಂ ಸ್ಪರ್ಧೆಗೆ ಕಾಯ್ದೆ ಬಂತು, ಅದೇ ವರ್ಷ ಆರ್ಥಿಕ ವಲಯ ಪ್ರಾಧಿಕಾರ ಪೆಜಾ ಹುಟ್ಟಿತು. ಒಂದೇ ಕಟ್ಟಡವನ್ನೂ ವಲಯವೆಂದು ಘೋಷಿಸಿ ತೆರಿಗೆ ವಿನಾಯಿತಿ ಕೊಟ್ಟರು. 2024ರಲ್ಲಿ ಆ ಉದ್ಯಮ ಸುಮಾರು 38 ಬಿಲಿಯನ್ ಡಾಲರ್ ಗಳಿಸಿ 18 ಲಕ್ಷ ಜನರಿಗೆ ಕೆಲಸ ಕೊಟ್ಟಿದೆ.

ಈ ವಿಷಯದ ಸಂಶೋಧನೆ ಓದುವಾಗ ಒಂದು ಎಚ್ಚರ ಬೇಕು. ವಿದೇಶಿ ಬಂಡವಾಳ ಹೆಚ್ಚಿದ ದೇಶದಲ್ಲಿ ಸೇವಾ ರಫ್ತೂ ಹೆಚ್ಚಿದೆ ಎಂದು ತೋರಿಸುವುದು ಸುಲಭ. ಆದರೆ ರಫ್ತು ಮಾಡಿ ಹೆಸರು ಗಳಿಸಿದ ಊರಿಗೇ ಬಂಡವಾಳ ಹುಡುಕಿಕೊಂಡು ಬರುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸದೆ ಒಟ್ಟು ಹೂಡಿಕೆಯ ಅಂಕಿ ಇಟ್ಟುಕೊಂಡು ವಾದಿಸಿದರೆ ದಾರಿ ತಪ್ಪುತ್ತದೆ. ಹೂಡಿಕೆ ಎಲ್ಲಿಗೆ ಹೋಯಿತೆಂಬುದೂ ಮುಖ್ಯ. ಮಾಲ್‌ಗೆ, ಗಣಿಗೆ ಬಂದ ಡಾಲರ್ ಸೇವಾ ರಫ್ತನ್ನು ಹೆಚ್ಚಿಸುವುದಿಲ್ಲ. ಟೆಲಿಕಾಂ, ಡೇಟಾ ಸೆಂಟರ್, ಕಂಪನಿಯ ಸ್ವಂತ ಸೇವಾ ಕೇಂದ್ರಕ್ಕೆ ಬಂದದ್ದು ಹೆಚ್ಚಿಸುತ್ತದೆ.

ಮಾಲೂರು:
ಅಂಕಿಅಂಶ ಸರ್, ಜಿಸಿಸಿಗಳಿಂದ ಬರುವುದು ನಿಜವಾಗಿ ರಫ್ತು ಅನ್ನಿಸಿಕೊಳ್ಳುತ್ತದಾ? ಮಾಲೀಕನೂ ಅವನೇ, ಗಿರಾಕಿಯೂ ಅವನೇ. ಲಾಭ ಹೊರಗೆ, ಪೇಟೆಂಟ್ ಹೊರಗೆ, ನಮಗೆ ಸಂಬಳ ಮಾತ್ರ.

ಅಂಕಿಅಂಶ:
ಲೆಕ್ಕದ ಪ್ರಕಾರ ರಫ್ತೇ. ಬೆಂಗಳೂರಿನ ಅಂಗಸಂಸ್ಥೆ ಅಮೆರಿಕದ ಮಾತೃಸಂಸ್ಥೆಗೆ ಬಿಲ್ ಮಾಡುತ್ತದೆ, ಡಾಲರ್ ಒಳಗೆ ಬರುತ್ತದೆ, ದೇಶದ ಪಾವತಿ ಶಿಲ್ಕಿನಲ್ಲಿ (ವಿದೇಶಗಳೊಡನೆ ಹಣದ ಲೆಕ್ಕ) ದಾಖಲಾಗುತ್ತದೆ. ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬಲ್ಲಿ ನಿಮ್ಮ ಪ್ರಶ್ನೆಗೆ ತೂಕವಿದೆ. ಸಾಮಾನ್ಯ ಪದ್ಧತಿ ಎಂದರೆ ಖರ್ಚಿನ ಮೇಲೆ ಒಂದಿಷ್ಟು ಅಂಚು. ತೆರಿಗೆ ಇಲಾಖೆಯ 2017ರ ಸೇಫ್ ಹಾರ್ಬರ್ ನಿಯಮದಲ್ಲಿ (ಇಷ್ಟು ಅಂಚು ತೋರಿಸಿದರೆ ಇಲಾಖೆ ಬೆಲೆಯನ್ನು ಪ್ರಶ್ನಿಸುವುದಿಲ್ಲ) ಸಾಫ್ಟ್‌ವೇರ್ ಅಭಿವೃದ್ಧಿಗೆ ವಹಿವಾಟು 100 ಕೋಟಿವರೆಗೆ ಶೇ 17, 200 ಕೋಟಿವರೆಗೆ ಶೇ 18 ಎಂದಿತ್ತು. ಅಂದರೆ ಕೇಂದ್ರದ ಖರ್ಚು 100 ಕೋಟಿ ಇದ್ದರೆ ರಫ್ತು 118 ಕೋಟಿ ಎಂದು ದಾಖಲಾಗುತ್ತದೆ. ಆ ತಂಡ ಬರೆದ ಕೋಡ್‌ನಿಂದ ಮಾತೃಸಂಸ್ಥೆ ಸಾವಿರ ಕೋಟಿ ಗಳಿಸಿದರೂ ಇಲ್ಲಿನ ಲೆಕ್ಕ 118 ಕೋಟಿಯೇ.

ಐಟಿ ಉದ್ಯಮ ಸಂಘ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಝಿನೋವ್ ಲೆಕ್ಕದಂತೆ 2023-24ರಲ್ಲಿ ದೇಶದ 1,700ಕ್ಕೂ ಹೆಚ್ಚು ಜಿಸಿಸಿಗಳ ಆದಾಯ 64.6 ಬಿಲಿಯನ್ ಡಾಲರ್, ನೌಕರರು 19 ಲಕ್ಷ. ಭಾಗಿಸಿದರೆ ತಲಾ ಸುಮಾರು 34 ಸಾವಿರ ಡಾಲರ್. ಇದರಲ್ಲಿ ಸಂಬಳ, ಬಾಡಿಗೆ, ವಿದ್ಯುತ್, ಅಂಚು ಎಲ್ಲ ಸೇರಿದೆ. ಇದನ್ನು ಮೇಲೆತ್ತಬೇಕಾದರೆ ಸಂಬಳದ ಮಟ್ಟ ಏರಬೇಕು, ಇಲ್ಲವೇ ಉತ್ಪನ್ನದ ಒಡೆತನ ಇಲ್ಲಿರಬೇಕು. ಬೌದ್ಧಿಕ ಸ್ವತ್ತಿನ ಶುಲ್ಕವಾಗಿ ಭಾರತ ಹೊರಗಿನವರಿಗೆ ಕೊಡುವುದು ತಾನು ಪಡೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು.

ಹಾಗಂತ ಸಂಬಳ ಮಾತ್ರ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅಲ್ಲಿ ಹತ್ತು ವರ್ಷ ದುಡಿದವರು ಹೊರಗೆ ಬಂದು ಸ್ವಂತ ಕಂಪನಿ ಕಟ್ಟುತ್ತಾರೆ, ಹಳೆಯ ಗ್ರಾಹಕರ ಪರಿಚಯ ಇಟ್ಟುಕೊಂಡಿರುತ್ತಾರೆ. ಒಂದು ಊರಿಗೆ ಬೀಳುವ ನಿಜವಾದ ಲಾಭ ಅದು, ಯಾವ ವರದಿಯಲ್ಲೂ ಅದರ ಅಂಕಿ ಸಿಗುವುದಿಲ್ಲ.

ಕಡಲತಡಿ:
ಹಾಗಾದರೆ ಮಂಗಳೂರಿಗೆ ಕೇಬಲ್ ಇಳಿಸಬೇಕೆಂಬ ಬೇಡಿಕೆಯಲ್ಲಿ ಹುರುಳಿಲ್ಲವಾ ಮಾರಾಯ್ರೆ? ಇಡೀ ಕರ್ನಾಟಕ ಕರಾವಳಿಯಲ್ಲಿ ಒಂದೂ ಅಂತರರಾಷ್ಟ್ರೀಯ ಕೇಬಲ್ ಇಳಿದಿಲ್ಲ.

ಫೈಬರ್_ರೂಟ್:
ಹುರುಳಿದೆ, ಆದರೆ ಜನ ಅಂದುಕೊಂಡ ಕಾರಣಕ್ಕಲ್ಲ. ಫೈಬರ್‌ನಲ್ಲಿ ಬೆಳಕು ಕಿಲೋಮೀಟರ್‌ಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಮಂಗಳೂರಿನಿಂದ ಮುಂಬೈ 900 ಕಿ.ಮೀ. ಎಂದಿಟ್ಟುಕೊಳ್ಳಿ, ಹೋಗಿ ಬರಲು 9 ಮಿಲಿಸೆಕೆಂಡ್. ಅಲ್ಲಿಂದ ಅಮೆರಿಕದ ಪೂರ್ವ ತೀರಕ್ಕೆ ಹೋಗಿ ಬರುವಷ್ಟರಲ್ಲಿ ಒಟ್ಟು 200 ಮೀರುತ್ತದೆ. ಮಂಗಳೂರಿನ ಪಣಂಬೂರಿನಲ್ಲೇ ಕೇಬಲ್ ಇಳಿದರೂ ಉಳಿತಾಯವಾಗುವುದು ಆ ಒಂಬತ್ತರಲ್ಲಿ ಒಂದು ಭಾಗ. ಗ್ರಾಹಕನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಸಾಮರ್ಥ್ಯದ ಕೊರತೆಯೂ ಇಲ್ಲ. ಟೆಲಿಕಾಂ ನಿಯಂತ್ರಕ ಟ್ರಾಯ್ ಹೇಳಿದಂತೆ 2022ರ ಕೊನೆಗೆ ದೇಶಕ್ಕೆ 17 ಕೇಬಲ್‌ಗಳು 14 ಕೇಂದ್ರಗಳಲ್ಲಿ ಇಳಿದಿದ್ದವು: ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರ. ಚಾಲನೆಯಲ್ಲಿದ್ದ ಸಾಮರ್ಥ್ಯವೇ ಸೆಕೆಂಡಿಗೆ 111 ಟೆರಾಬಿಟ್. 100 ಕುರ್ಚಿಗಳ ಒಂದು ಕಚೇರಿಗೆ ಎಷ್ಟು ಬೇಕು ಲೆಕ್ಕ ಹಾಕೋಣ. ಧ್ವನಿಯನ್ನು ಡೇಟಾ ಮಾಡುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಹೆಡರ್ ಸೇರಿ 87 ಕೆಬಿಪಿಎಸ್, ನೂರು ಕರೆಗೆ 8.7 ಎಂಬಿಪಿಎಸ್. ಜಿ.729 ಹಾಕಿದರೆ ಒಂದಕ್ಕೆ 31, ನೂರಕ್ಕೆ ಬರೀ 3.1. ರಿಮೋಟ್ ಡೆಸ್ಕ್‌ಟಾಪ್‌ಗೆ ತಲಾ 500 ಕೆಬಿಪಿಎಸ್ ಇಟ್ಟರೆ 50. ಏಕಕಾಲಕ್ಕೆ 30 ವಿಡಿಯೋ ಕರೆ, ತಲಾ 2 ಎಂಬಿಪಿಎಸ್, 60. ಎಲ್ಲ ಸೇರಿ 120ರ ಆಸುಪಾಸು. ಕಾಲುಭಾಗಕ್ಕಿಂತ ಹೆಚ್ಚು ಅಂಚು ಇಟ್ಟು 200 ಎಂಬಿಪಿಎಸ್ ತಗೊಂಡರೆ ಧಾರಾಳ.

ಹಾಗಾಗಿ ತೊಡಕು ಇರುವುದು ಘಟ್ಟದಲ್ಲಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಫೈಬರ್ ಶಿರಾಡಿ ಅಥವಾ ಚಾರ್ಮಾಡಿ ಹತ್ತಬೇಕು. ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಜೆಸಿಬಿ ಬರುತ್ತದೆ. ಎರಡು ಕಂಪನಿಯಿಂದ ಲೈನ್ ತಗೊಂಡು ನಿಶ್ಚಿಂತೆಯಿಂದಿರುವವರು ಬಹಳ ಮಂದಿ, ಆದರೆ ಎರಡೂ ನೆಲದಡಿಯ ಒಂದೇ ಕೊಳವೆಯಲ್ಲಿ (ಡಕ್ಟ್) ಹೋಗಿರುತ್ತವೆ. ಒಬ್ಬರು ಇನ್ನೊಬ್ಬರಿಂದ ಡಾರ್ಕ್ ಫೈಬರ್ (ಬಳಸದೆ ಉಳಿದ ಎಳೆ) ಬಾಡಿಗೆಗೆ ಪಡೆದಿರುವುದೂ ಉಂಟು.

ಲೆಕ್ಕ ಹೀಗೆ. ಶೇ 99.5 ಲಭ್ಯತೆ ಎಂದರೆ 720 ಗಂಟೆಯ ತಿಂಗಳಲ್ಲಿ 3 ಗಂಟೆ 36 ನಿಮಿಷ ಲೈನ್ ಸತ್ತಿರಬಹುದು. ಶೇ 99.9 ಎಂದರೆ 43 ನಿಮಿಷ. ನಿಜವಾಗಿ ಬೇರೆಬೇರೆ ದಾರಿಯ ಎರಡು ಶೇ 99.5 ಲೈನ್ ಇದ್ದರೆ ಎರಡೂ ಒಟ್ಟಿಗೆ ಸಾಯುವುದು ತಿಂಗಳಿಗೆ ಒಂದು ನಿಮಿಷದಷ್ಟು. ಒಂದೇ ಡಕ್ಟ್ ಆದರೆ ಮತ್ತೆ ಮೂರೂವರೆ ಗಂಟೆಗೇ ಬಂದಿರಿ, ಎರಡು ಬಿಲ್ ಕಟ್ಟಿದ್ದು ದಂಡ. ವಿದೇಶಿ ಗ್ರಾಹಕ ಜಾಗ ನೋಡಲು ಬಂದಾಗ ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರ ಇಲ್ಲದಿದ್ದರೆ ಮಾತುಕತೆ ಬಾಡಿಗೆ ವಿಷಯಕ್ಕೆ ಬರುವುದೇ ಇಲ್ಲ.

ಧಾರವಾಡದಾಕಿ:
ಹಂಗಾದ್ರ ಹುಬ್ಬಳ್ಳಿ-ಧಾರವಾಡದ ಪರಿಸ್ಥಿತಿ ಹೆಂಗ ರೀ? ನಮಗ ಘಟ್ಟ ಇಲ್ಲ, ಸಮುದ್ರಾನೂ ಇಲ್ಲ.

ಫೈಬರ್_ರೂಟ್:
ಮೇಡಂ, ಈ ವಿಷಯದಲ್ಲಿ ನೀವು ಮಂಗಳೂರಿಗಿಂತ ಅನುಕೂಲದಲ್ಲಿದ್ದೀರಿ. ಮುಂಬೈ-ಬೆಂಗಳೂರು ಹೆದ್ದಾರಿಯ ಮೇಲೇ ಇರುವುದರಿಂದ ಬೆಳಗಾವಿ-ಪುಣೆ ಕಡೆಗೊಂದು, ದಾವಣಗೆರೆ-ಬೆಂಗಳೂರು ಕಡೆಗೊಂದು ದಾರಿ ಸಹಜವಾಗಿ ಸಿಗುತ್ತದೆ. ಒಂದು ಲೈನ್ ಮುಂಬೈಯಲ್ಲಿ ಸಮುದ್ರ ಸೇರಲಿ, ಇನ್ನೊಂದು ಚೆನ್ನೈಯಲ್ಲಿ. ಕೆಂಪು ಸಮುದ್ರ ಅಥವಾ ಮೆಡಿಟರೇನಿಯನ್‌ನಲ್ಲಿ ಕೇಬಲ್ ತುಂಡಾದಾಗ ಇದು ಬೆಲೆಬಾಳುತ್ತದೆ. 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯಾ ಬಳಿ, 2025ರ ಸೆಪ್ಟೆಂಬರ್‌ನಲ್ಲಿ ಜೆದ್ದಾ ಬಳಿ ತುಂಡಾದಾಗ ಪಶ್ಚಿಮದ ದಾರಿಯನ್ನೇ ನಂಬಿದವರು ಒದ್ದಾಡಿದರು. ಪೂರ್ವಕ್ಕೆ ಸಿಂಗಪುರದ ಮೂಲಕ ದಾರಿ ಇದ್ದವರು ವೇಗ ಸ್ವಲ್ಪ ಕಳೆದುಕೊಂಡರೂ ಕೆಲಸ ನಿಲ್ಲಿಸಲಿಲ್ಲ. ಮಂಗಳೂರಿಗೆ ಕೇಬಲ್ ಇಳಿಯಬೇಕು ಅನ್ನುವುದಕ್ಕೂ ಇದೇ ಸರಿಯಾದ ಕಾರಣ: ಇನ್ನೊಂದು ದಾರಿ, ಜೊತೆಗೆ ಡೇಟಾ ಸೆಂಟರ್ ಹೂಡಿಕೆ.

ಲೈನ್ ತಗೊಳ್ಳುವ ಮುಂಚೆ ಕೇಳಬೇಕಾದ್ದು: ಪೂರ್ತಿ ಮಾರ್ಗವನ್ನು ನಕ್ಷೆಯ ಮೇಲೆ ತೋರಿಸುವ ಕೆಎಂಝಡ್ ಫೈಲ್. ಕೊಡಲ್ಲ ಅಂದರೆ ಆ ಕಂಪನಿಯ ಮಾರ್ಗ ಬೇರೆ ಎಂಬ ಮಾತನ್ನು ನಂಬಬೇಡಿ. ಎರಡೂ ಫೈಲ್ ಒಂದೇ ನಕ್ಷೆಯ ಮೇಲೆ ಹಾಕಿ, ಸೇತುವೆ ಮತ್ತು ರೈಲ್ವೆ ದಾಟುವ ಜಾಗ ನೋಡಿ. ಒಂದಾಗುವುದು ಅಲ್ಲೇ. ಎರಡನೆಯದಕ್ಕೆ ಹೈಟೆನ್ಷನ್ ಕಂಬಗಳ ಮೇಲಿನ ಭೂತಂತಿಯೊಳಗೆ ಹೋಗುವ ಫೈಬರ್ ಸಿಕ್ಕರೆ ಅತ್ಯುತ್ತಮ, ಅದನ್ನು ಜೆಸಿಬಿ ಮುಟ್ಟುವುದಿಲ್ಲ. ಕಟ್ಟಡದೊಳಗೆ ಬರುವ ಜಾಗವೂ ಎರಡು ಬೇರೆ ಗೋಡೆಯಿಂದ ಇರಲಿ. ಜಿಟ್ಟರ್ (ಪ್ಯಾಕೆಟ್ ಬರುವ ಸಮಯದ ಏರಿಳಿತ) 30 ಮಿಲಿಸೆಕೆಂಡ್‌ಗಿಂತ ಕಡಿಮೆ, ಪ್ಯಾಕೆಟ್ ನಷ್ಟ ಶೇ 1ಕ್ಕಿಂತ ಕಡಿಮೆ ಎಂದು ಕರಾರಿನಲ್ಲೇ ಬರೆಸಿ. ಬರೀ 'ಅಪ್‌ಟೈಮ್' ಬರೆದರೆ ಲೈನ್ ಜೀವಂತ ಇದ್ದು ಧ್ವನಿ ಒಡೆಯುವ ದಿನಕ್ಕೆ ಪರಿಹಾರ ಸಿಗುವುದಿಲ್ಲ.

ಇನ್ನೊಂದು, ಬಹಳ ಕಡೆ ಎಡವುವುದು ಐಪಿ ವಿಳಾಸದಲ್ಲಿ. ಮೊದಲ ಲೈನ್ ಹೋಗಿ ಎರಡನೆಯದಕ್ಕೆ ತಿರುಗಿತು, ಇಂಟರ್‌ನೆಟ್ ಇದೆ, ಆದರೆ ಗ್ರಾಹಕನ ವಿಪಿಎನ್ ಒಳಗೆ ಬಿಡುತ್ತಿಲ್ಲ. ಕಾರಣ, ಅವರ ಫೈರ್‌ವಾಲ್‌ಗೆ ನಿಮ್ಮ ಹಳೆಯ ಐಪಿ ಮಾತ್ರ ಗೊತ್ತು. ಅಮೆರಿಕದಲ್ಲಿ ಮಧ್ಯರಾತ್ರಿ, ಬದಲಿಸುವವರು ಯಾರೂ ಇಲ್ಲ. ಮೊದಲ ದಿನವೇ ಎರಡೂ ಐಪಿ ಕೊಟ್ಟು ಸೇರಿಸಿಕೊಳ್ಳಿ. ಇಲ್ಲವೇ ದೇಶದ ಐಪಿ ವಿಳಾಸ ನೋಂದಣಿ ಸಂಸ್ಥೆ ಐಆರ್‌ಐಎನ್‌ಎನ್‌ನಿಂದ ಸ್ವಂತ ಎಎಸ್ ಸಂಖ್ಯೆ (ನೆಟ್‌ವರ್ಕಿನ ಗುರುತು) ಮತ್ತು 256 ವಿಳಾಸಗಳ ಬ್ಲಾಕ್ ಪಡೆದು ಎರಡೂ ಕಡೆ ಬಿಜಿಪಿ ನಡೆಸಿ, ಆಗ ಯಾವ ಲೈನ್ ಹೋದರೂ ವಿಳಾಸ ಬದಲಾಗುವುದಿಲ್ಲ. ಅಷ್ಟು ಜನ ಇಲ್ಲದಿದ್ದರೆ ಎಸ್‌ಡಿ-ವ್ಯಾನ್ (ಹಲವು ಲೈನ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ) ಹಾಕಿ, ಬೆಂಗಳೂರಿನ ಡೇಟಾ ಸೆಂಟರ್‌ನಿಂದ ಒಂದೇ ವಿಳಾಸದಲ್ಲಿ ಹೊರಗೆ ಹೋಗುವಂತೆ ಮಾಡಿ.

ಸಿಎ_ವೃತ್ತಿ:
ತಂತಿ ಸರಿಯಾದರೂ ಹಣ ಒಳಗೆ ಬರುವ ದಾರಿಯಲ್ಲಿ ಸಿಕ್ಕಿಬೀಳುವವರಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ವಿದೇಶಿ ಹೂಡಿಕೆಯ ರೂಪವೇ ಇಲ್ಲಿ ತೆರಿಗೆ ನಿರ್ಧರಿಸುತ್ತದೆ. ಹೊರಗಿನ ಕಂಪನಿ ಇಲ್ಲಿ ಅಂಗಸಂಸ್ಥೆಯಾಗಿ ನೋಂದಣಿ ಮಾಡಿದರೆ ಮಾತೃಸಂಸ್ಥೆಗೆ ಕೊಡುವ ಸೇವೆ ರಫ್ತು, ಜಿಎಸ್‌ಟಿ ಶೂನ್ಯ ದರ. ಇದನ್ನು 2021ರ ಸೆಪ್ಟೆಂಬರ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ಬರೀ ಶಾಖೆ ತೆರೆದರೆ ಅದು ಅದೇ ಕಂಪನಿಯ ಇನ್ನೊಂದು ಕಚೇರಿ ಎಂದಾಗುತ್ತದೆ, ರಫ್ತಿನ ವ್ಯಾಖ್ಯೆಗೆ ಒಳಪಡುವುದಿಲ್ಲ. ಗಿರಾಕಿ ಹುಡುಕಿಕೊಡುವ ಮಧ್ಯವರ್ತಿ ಸೇವೆಗೂ ಇದೇ ತೊಂದರೆ ಇತ್ತು. ಅದಕ್ಕೆ ಕಾರಣವಾದ ಕಲಂ ತೆಗೆಯಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು.

ಸಣ್ಣ ರಫ್ತುದಾರರು ಮಾಡಬೇಕಾದ್ದು: ಪ್ರತಿ ಹಣಕಾಸು ವರ್ಷ ಶುರುವಾಗುವ ಮುಂಚೆ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕಿ. ಮಾರ್ಚ್‌ನಲ್ಲಿ ಮರೆತು ಏಪ್ರಿಲ್ ಬಿಲ್ ಕಳಿಸುವುದು ಮಾಮೂಲಿ ತಪ್ಪು. ಬಿಲ್ ತಾರೀಖಿನಿಂದ ಒಂದು ವರ್ಷ ಅಥವಾ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಗಡುವು, ಇವೆರಡರಲ್ಲಿ ತಡವಾದದ್ದರೊಳಗೆ ಹಣ ಬರದಿದ್ದರೆ, ವಿಸ್ತರಣೆಯೂ ಸಿಗದಿದ್ದರೆ, ಮುಂದಿನ 15 ದಿನದಲ್ಲಿ ಐಜಿಎಸ್‌ಟಿ ಬಡ್ಡಿ ಸಮೇತ ಕಟ್ಟಬೇಕು. ಫೆಮಾ ಪ್ರಕಾರ ಹಣ ತರಿಸುವ ಗಡುವು 9 ತಿಂಗಳಿದ್ದದ್ದನ್ನು 2025ರ ನವೆಂಬರ್‌ನಲ್ಲಿ 15 ತಿಂಗಳು ಮಾಡಿದರು.

ಆನ್‌ಲೈನ್‌ನಲ್ಲಿ ಕಳಿಸುವ ಸಾಫ್ಟ್‌ವೇರ್ ಮತ್ತು ಬಿಪಿಒ ಕೆಲಸಕ್ಕೆ ಸಾಫ್ಟೆಕ್ಸ್ (ಸಾಫ್ಟ್‌ವೇರ್ ರಫ್ತು ಘೋಷಣೆಯ ನಮೂನೆ) ಬೇಕು, ಬಿಲ್ ಆದ 30 ದಿನದೊಳಗೆ. ಅದನ್ನು ದೃಢೀಕರಿಸುವ ಎಸ್‌ಟಿಪಿಐ ಕೇಂದ್ರಗಳು ಮಂಗಳೂರು, ಹುಬ್ಬಳ್ಳಿ, ಮೈಸೂರಿನಲ್ಲೂ ಇವೆ. ಬ್ಯಾಂಕಿಗೆ ಹಣ ಬಂದಾಗ ಉದ್ದೇಶ ಸಂಕೇತ ನೀವೇ ಬರೆದು ಕೊಡಿ: ಸಾಫ್ಟೆಕ್ಸ್ ಆದದ್ದಕ್ಕೆ ಪಿ0807, ಅದರ ವ್ಯಾಪ್ತಿಗೆ ಬಾರದ ಸಾಫ್ಟ್‌ವೇರ್ ಸಲಹೆಗೆ ಪಿ0802, ಆಡಳಿತ ಸಲಹೆಗೆ ಪಿ1006. ಸಂಕೇತ ತಪ್ಪಿದರೆ ರಫ್ತು ಹಣದ ಜಾಡು ಹಿಡಿಯುವ ಇಡಿಪಿಎಂಎಸ್‌ ವ್ಯವಸ್ಥೆಯಲ್ಲಿ ಬಿಲ್ ಬಾಕಿ ಎಂದೇ ತೋರಿಸುತ್ತದೆ, ಹಣ ಖಾತೆಯಲ್ಲಿದ್ದರೂ.

ಧಾರವಾಡದಾಕಿ:
ಲ್ಯಾಪ್‌ಟಾಪ್, ಯುಪಿಎಸ್, ಜನರೇಟರ್ ತಗೊಂಡಾಗ ಕಟ್ಟಿದ ಜಿಎಸ್‌ಟಿ ವಾಪಸ್ ಬರ್ತದ ಏನ್ರಿ? ಸಣ್ಣ ಊರಾಗ ಶುರು ಮಾಡೋರಿಗೆ ಮೊದಲ ವರ್ಷ ಅದೇ ದೊಡ್ಡ ಮೊತ್ತ.

ಸಿಎ_ವೃತ್ತಿ:
ಎಲ್‌ಯುಟಿ ದಾರಿಯಲ್ಲಿ ಬರುವುದಿಲ್ಲ ಮೇಡಂ. ಜಿಎಸ್‌ಟಿ ಮರುಪಾವತಿಯ ನಿಯಮ 89(4)ರ ಸೂತ್ರದಲ್ಲಿ ಒಳಸುರಿ ಮತ್ತು ಒಳಸೇವೆಯ ತೆರಿಗೆ ಮಾತ್ರ ಸೇರುತ್ತದೆ, ಬಂಡವಾಳ ಸರಕು ಸೇರುವುದಿಲ್ಲ. ಬಾಡಿಗೆ, ಲೀಸ್ಡ್ ಲೈನ್, ಕ್ಲೌಡ್ ಮೇಲೆ ಕಟ್ಟಿದ್ದು ವಾಪಸ್ ಬರುತ್ತದೆ. ಯಂತ್ರದ ಮೇಲೆ ಕಟ್ಟಿದ್ದು ಲೆಡ್ಜರ್‌ನಲ್ಲಿ ಕೂತಿರುತ್ತದೆ. ದಾರಿ ಇದೆ: ರಫ್ತು ಬಿಲ್‌ಗೆ ಐಜಿಎಸ್‌ಟಿ ಹಾಕಿ, ಕೂತಿರುವ ಕ್ರೆಡಿಟ್‌ನಿಂದಲೇ ಕಟ್ಟಿ, ಕಟ್ಟಿದ್ದನ್ನು ಮರುಪಾವತಿ ಕೇಳುವುದು. ಹೊಸ ಕಚೇರಿ ತೆರೆದ ವರ್ಷ ಈ ಎರಡನೇ ದಾರಿ ಲೆಕ್ಕ ಹಾಕಿ ನೋಡಿ. ಅರ್ಜಿ ಆರ್‌ಎಫ್‌ಡಿ-01ರಲ್ಲಿ, ಎರಡು ವರ್ಷದೊಳಗೆ.

ಮಾಲೂರು:
ಹಾಗಾದರೆ ಸರ್ಕಾರದಿಂದ ಕೇಳಬೇಕಾದ್ದು ಸಬ್ಸಿಡಿಯಲ್ಲ ಅಂತೀರಾ?

ಅಂಕಿಅಂಶ:
ತೆರಿಗೆ ರಿಯಾಯಿತಿಗೆ ಕೊನೆ ಇರುತ್ತದೆ. ಎಸ್‌ಟಿಪಿಐ ಘಟಕಗಳ 10ಎ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ಗೆ ಮುಗಿಯಿತು, ಬೆಂಗಳೂರು ಅದಾದ ಮೇಲೂ ಬೆಳೆಯಿತು. ಫಿಲಿಪೀನ್ಸ್‌ನಲ್ಲಿ ರಿಯಾಯಿತಿಯನ್ನು ಕಟ್ಟಡಕ್ಕೆ ಅಂಟಿಸಿದ್ದರಿಂದ 2022ರಲ್ಲಿ ಮನೆಯಿಂದ ಕೆಲಸ ಮಾಡಿಸುತ್ತಿದ್ದ ಕಂಪನಿಗಳಿಗೆ ರಿಯಾಯಿತಿ ಕಳೆದುಕೊಳ್ಳುವ ಭಯ ಬಂತು. ಕೊನೆಗೆ ನೋಂದಣಿಯನ್ನು ಪೆಜಾದಿಂದ ಹೂಡಿಕೆ ಮಂಡಳಿಗೆ ವರ್ಗಾಯಿಸಲು ಬಿಟ್ಟರು. ನಮ್ಮಲ್ಲಿ 2020 ಮತ್ತು 2021ರಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್, ಬಿಪಿಒಗಳಿಗಿದ್ದ ಒಎಸ್‌ಪಿ ನೋಂದಣಿ, ಬ್ಯಾಂಕ್ ಗ್ಯಾರಂಟಿ ಎರಡನ್ನೂ ತೆಗೆದದ್ದು ಒಂದು ರೂಪಾಯಿ ಖರ್ಚಿಲ್ಲದೆ ಆದ ಸುಧಾರಣೆ. ಬಿಪಿಒ ಕೆಲಸ ಸಣ್ಣ ಊರಿನ ಮನೆಗೂ ಹೋಗಲು ಸಾಧ್ಯವಾದದ್ದು ಅದರಿಂದ.

ಫೈಬರ್_ರೂಟ್:
ನನ್ನನ್ನು ಕೇಳಿದರೆ ಸಬ್ಸಿಡಿ ಹಣದ ಒಂದು ಪಾಲನ್ನು ಡಕ್ಟ್‌ಗೆ ಹಾಕಬೇಕು. ಘಟ್ಟದ ರಸ್ತೆ ಅಗಲ ಮಾಡುವಾಗಲೇ ನಾಲ್ಕು ಖಾಲಿ ಪೈಪ್ ಹೂತು, ಯಾರು ಕೇಳಿದರೂ ಒಂದೇ ದರಕ್ಕೆ ಬಾಡಿಗೆ ಕೊಡಲಿ. ಆಗ ಮೂರನೇ, ನಾಲ್ಕನೇ ಕಂಪನಿ ಬರುತ್ತದೆ, ದರ ಇಳಿಯುತ್ತದೆ. 2025ರ ಜನವರಿಯಿಂದ ಜಾರಿಯಾದ ಹೊಸ ಮಾರ್ಗಹಕ್ಕು (ಕೇಬಲ್ ಹಾಕಲು ಜಾಗದ ಅನುಮತಿ) ನಿಯಮಗಳನ್ನು ಪಾಲಿಕೆ, ಪಂಚಾಯಿತಿಗಳು ನಿಜವಾಗಿ ಪಾಲಿಸಬೇಕು. ಅಗೆಯುವ ಮುಂಚೆ ತಿಳಿಸುವ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರಿಂದ ಇದೆ. ಗುತ್ತಿಗೆದಾರರ ಬಿಲ್ ಪಾಸ್ ಮಾಡಲು ಅದರ ದಾಖಲೆ ಕಡ್ಡಾಯ ಮಾಡಿದರೆ ಅರ್ಧ ತುಂಡು ನಿಲ್ಲುತ್ತವೆ.

ಕಡಲತಡಿ:
ಕೊನೆಯದಾಗಿ ಒಂದು. ಹತ್ತು ಹನ್ನೆರಡು ಜನರ ತಂಡಕ್ಕೆ ಇಷ್ಟೆಲ್ಲ ಮಾಡಲು ಶಕ್ತಿ ಇರುವುದಿಲ್ಲ. ಅಂಥವರು?

ಫೈಬರ್_ರೂಟ್:
ಲೀಸ್ಡ್ ಲೈನ್ ಹಂಚಿಕೊಂಡಿರುವ ಕಟ್ಟಡದಲ್ಲಿ ಜಾಗ ಹಿಡಿಯಿರಿ, ಆದರೆ ಮೇಲಿನ ಕೆಎಂಝಡ್ ಪ್ರಶ್ನೆಯನ್ನು ಕಟ್ಟಡದ ಮಾಲೀಕರಿಗೂ ಕೇಳಿ. ಜೊತೆಗೆ ಒಂದು ಎಫ್‌ಟಿಟಿಎಚ್ (ಮನೆಗೆ ಬರುವ ಫೈಬರ್), ಒಂದು 5ಜಿ ರೂಟರ್, ಎರಡಕ್ಕೂ ಸೇರಿ ಸಣ್ಣ ಎಸ್‌ಡಿ-ವ್ಯಾನ್ ಪೆಟ್ಟಿಗೆ. ಯುಪಿಎಸ್ ಕಂಪ್ಯೂಟರ್‌ಗೆ ಮಾತ್ರ ಕೊಟ್ಟು ಫೈಬರ್ ಕೊನೆಗೆ ಕೂರುವ ಓಎನ್‌ಟಿ ಪೆಟ್ಟಿಗೆಯನ್ನು ಸಾಮಾನ್ಯ ಪ್ಲಗ್‌ಗೆ ಹಾಕಿರುತ್ತಾರೆ, ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ನಡೆಯುತ್ತಿರುತ್ತದೆ, ಇಂಟರ್‌ನೆಟ್ ಹೋಗಿರುತ್ತದೆ. ಅದನ್ನು ಮೊದಲು ಸರಿಮಾಡಿ. ಆಮೇಲೆ ಗ್ರಾಹಕನ ಕೆಲಸ ಇಲ್ಲದ ಶನಿವಾರ ಸಂಜೆ, ವಿಪಿಎನ್ ಮೇಲೆ ಒಂದು ಕರೆ ನಡೆಯುತ್ತಿರುವಾಗಲೇ ಮೊದಲ ಲೈನಿನ ಕೇಬಲ್ ಕೈಯಿಂದ ಕೀಳಿ. ಕರೆ ಎಷ್ಟು ಸೆಕೆಂಡಿಗೆ ಮರಳಿತು, ವಿಪಿಎನ್ ತಾನಾಗಿ ಎದ್ದಿತೇ, ಕೇಬಲ್ ವಾಪಸ್ ಹಾಕಿದಾಗ ಮತ್ತೆ ಕಡಿಯಿತೇ, ಮೂರನ್ನೂ ಬರೆದಿಡಿ. ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿದ ದಾಖಲೆ ಇದ್ದರೆ, ಗ್ರಾಹಕನ ಕಡೆಯ ತಪಾಸಣೆಯವರು ಬಂದಾಗ ತೋರಿಸಲು ಅದಕ್ಕಿಂತ ಗಟ್ಟಿಯಾದ ಕಾಗದ ಸಣ್ಣ ತಂಡದ ಬಳಿ ಇರುವುದಿಲ್ಲ.